ಹೊಸ ಪ್ರೋಗ್ರೆಸಿವ್ ಕನ್ನಡಕದಲ್ಲಿ ನೆಲ ತೇಲಿದ ಹಾಗೆ ಕಾಣುತ್ತಿದೆ, ಕಾಯಬೇಕಾ, ವಾಪಸ್ ಕೊಡಬೇಕಾ?

ನಿಮಗೆ 48 ವರ್ಷ, ಮೊದಲ ಸಲ ಪ್ರೋಗ್ರೆಸಿವ್ ಲೆನ್ಸ್ (ದೂರಕ್ಕೂ ಓದಲಿಕ್ಕೂ ಒಂದೇ, ಗೆರೆ ಕಾಣದ್ದು), ಹಾಕಲು ಶುರು ಮಾಡಿ ಒಂದು ವಾರ. ನಡೆದರೆ ನೆಲ ತೇಲಿದ ಹಾಗಾಗುತ್ತದೆ, ಮೆಟ್ಟಿಲು ಇಳಿಯಲು ಭಯ, ಕಂಪ್ಯೂಟರ್ ಮುಂದೆ ಗದ್ದ ಎತ್ತಿ ಎತ್ತಿ ಕತ್ತು ನೋವು. ಕನ್ನಡಕದ ಅಂಗಡಿಯವರು "ರೂಢಿಯಾಗುತ್ತೆ" ಅಂದಿದ್ದಾರೆ. ಕಾಯಬೇಕಾ, ವಾಪಸ್ ಕೊಡಬೇಕಾ, 75 ದಾಟಿದ ಅಮ್ಮನಿಗೂ ಇದನ್ನೇ ಮಾಡಿಸಬಹುದಾ ಅಂತ ಕೇಳಿದ್ದೀರಿ.

ನೆಲ ತೇಲುವುದಕ್ಕೆ ಕಾಯಿರಿ. ಕತ್ತು ನೋವಿಗೆ ಕಾಯಬೇಡಿ. ಇವೆರಡರ ಕಾರಣ ಬೇರೆ ಬೇರೆ, ಒಂದಕ್ಕೆ ಹೇಳುವ ಸಮಾಧಾನ ಇನ್ನೊಂದಕ್ಕೆ ನಡೆಯುವುದಿಲ್ಲ. ನಾನು ಡಾಕ್ಟರ್ ಅಲ್ಲ. ಶಾಲೆಗೆ ಹೋಗುವಾಗಿನಿಂದ ಮೈನಸ್ ಪವರ್ ಕನ್ನಡಕ ಹಾಕಿಕೊಂಡು ಬಂದಿದ್ದೇನೆ, ನಲವತ್ತು ದಾಟಿದ ಮೇಲೆ ಪ್ರೋಗ್ರೆಸಿವ್‌ಗೆ ಬಂದೆ. ಪ್ರತಿ ಸಲ ಪವರ್ ಬದಲಾದಾಗಲೂ ಈ ದಾರಿಯಲ್ಲಿ ನಡೆದಿದ್ದೇನೆ, ಅದರಿಂದ ಹೇಳುತ್ತಿದ್ದೇನೆ.

ಮೊದಲು ಕಣ್ಣಿನ ವಿಷಯ. ಕಣ್ಣಿನೊಳಗಿನ ಲೆನ್ಸ್ ಚಿಕ್ಕ ವಯಸ್ಸಿನಲ್ಲಿ ಮೆತ್ತಗಿರುತ್ತದೆ. ಹತ್ತಿರದ್ದನ್ನು ನೋಡುವಾಗ ಉಬ್ಬಿಕೊಂಡು ಅಕ್ಷರವನ್ನು ಸ್ಪಷ್ಟ ಮಾಡುತ್ತದೆ. ವಯಸ್ಸಾದಂತೆ ಗಟ್ಟಿಯಾಗುತ್ತಾ ಹೋಗುತ್ತದೆ. 40ರಿಂದ 45ರ ಹೊತ್ತಿಗೆ ಪುಸ್ತಕವನ್ನು ದೂರ ಹಿಡಿಯಲು ಶುರು ಮಾಡುತ್ತೇವಲ್ಲ, ಅದು ಇದರಿಂದಲೇ. 60 ದಾಟುವ ತನಕ ಇದು ಮುಂದುವರಿಯುತ್ತದೆ. ಹಾಗಾಗಿ ಓದುವ ಪವರ್ +1.00ರ ಆಸುಪಾಸಿನಲ್ಲಿ ಶುರುವಾಗಿ ನಿಧಾನಕ್ಕೆ +2.50ರ ತನಕ ಏರುವುದು ಸಾಮಾನ್ಯ. ಕನ್ನಡಕ ಹಾಕಿದ್ದಕ್ಕೇ ಕಣ್ಣು ಸೋಮಾರಿಯಾಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಾಕಿದರೂ ಹಾಕದಿದ್ದರೂ ಒಳಗಿನ ಲೆನ್ಸ್ ಗಟ್ಟಿಯಾಗುತ್ತದೆ.

ಪ್ರೋಗ್ರೆಸಿವ್ ಲೆನ್ಸಿನಲ್ಲಿ ಮೇಲೆ ದೂರದ ಪವರ್, ಕೆಳಗೆ ಓದುವ ಪವರ್, ನಡುವೆ ಎರಡನ್ನೂ ಸೇರಿಸುವ ಕಿರಿದಾದ ದಾರಿ. ಗೆರೆ ಕಾಣದ ಹಾಗೆ ಪವರ್ ಬದಲಾಯಿಸಿದರೆ ಎರಡೂ ಬದಿಗೆ ಮಸುಕು ಬಂದೇ ಬರುತ್ತದೆ. ಎಷ್ಟು ದುಬಾರಿ ಲೆನ್ಸ್ ತಗೊಂಡರೂ ಅದು ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗಬಹುದು ಅಷ್ಟೆ. ಓದುವ ಪವರ್ ಜಾಸ್ತಿಯಾದಷ್ಟೂ ಬದಿಯ ಮಸುಕೂ ಜಾಸ್ತಿ. ಅದಕ್ಕೇ ಪವರ್ ಕಡಿಮೆ ಇರುವಾಗಲೇ ಪ್ರೋಗ್ರೆಸಿವ್ ಶುರು ಮಾಡಿದವರಿಗೆ ಹೊಂದಿಕೊಳ್ಳುವುದು ಸುಲಭ. ಈ ವಯಸ್ಸಿಗೇ ಶುರು ಮಾಡಿದ್ದೀರಿ, ಒಳ್ಳೆಯದೇ ಆಯಿತು.

ಈಗ ನೆಲ ಯಾಕೆ ತೇಲುತ್ತದೆ? ತಲೆ ಒಂದು ಕಡೆ ತಿರುಗಿದಾಗ ಕಣ್ಣುಗುಡ್ಡೆ ತಾನಾಗಿಯೇ ಎದುರು ದಿಕ್ಕಿಗೆ ತಿರುಗುತ್ತದೆ. ನಡೆಯುವಾಗ ಸುತ್ತಲಿನದೆಲ್ಲ ಕುಲುಕಾಡದೆ ನಿಂತಿರುವುದು ಇದರಿಂದ. ಎಷ್ಟು ತಿರುಗಬೇಕು ಅನ್ನುವ ಲೆಕ್ಕ ಮಿದುಳಿಗೆ ಹಳೆಯ ಕನ್ನಡಕದ ಪ್ರಕಾರ ಗೊತ್ತಿದೆ. ಹೊಸ ಲೆನ್ಸ್ ಅದೇ ವಸ್ತುವನ್ನು ಚೂರು ದೊಡ್ಡದಾಗಿಯೋ ಚಿಕ್ಕದಾಗಿಯೋ ತೋರಿಸುತ್ತದೆ, ಅದೂ ಮೇಲೊಂದು ಥರ, ಕೆಳಗೊಂದು ಥರ. ಲೆಕ್ಕ ತಪ್ಪುತ್ತದೆ. ಒಳಕಿವಿ ಹೇಳುವುದಕ್ಕೂ ಕಣ್ಣು ಹೇಳುವುದಕ್ಕೂ ಹೊಂದಿಕೆಯಾಗದೆ ತಲೆಸುತ್ತು, ವಾಕರಿಕೆ ಬರುತ್ತದೆ. ಮಿದುಳು ಈ ಲೆಕ್ಕವನ್ನು ಮತ್ತೆ ಕಲಿಯುತ್ತದೆ. ಕೆಲವರಿಗೆ ಎರಡು ಮೂರು ದಿನ ಸಾಕು, ಬಹಳಷ್ಟು ಜನರಿಗೆ ಎರಡು ವಾರದೊಳಗೆ ಸರಿಹೋಗುತ್ತದೆ.

ಆದರೆ ಕಲಿಯಬೇಕಾದರೆ ಅದಕ್ಕೆ ಅವಕಾಶ ಕೊಡಬೇಕು, ಅಲ್ವಾ? ಬೆಳಿಗ್ಗೆ ಎದ್ದ ಕೂಡಲೇ ಹೊಸದನ್ನು ಹಾಕಿ, ಮಲಗುವ ತನಕ ತೆಗೆಯಬೇಡಿ. ಹಳೆಯದನ್ನು ಕಣ್ಣಿಗೆ ಬೀಳದ ಹಾಗೆ ಒಳಗಿಡಿ. ಮಧ್ಯಾಹ್ನದ ತನಕ ಹೊಸದು, ಆಮೇಲೆ ಸುಸ್ತಾಯಿತು ಅಂತ ಹಳೆಯದು ಅಂದರೆ ದಿನಾ ಮೊದಲಿನಿಂದ ಶುರು ಮಾಡಿದ ಹಾಗೆ. ಪಕ್ಕದಲ್ಲಿರುವುದನ್ನು ನೋಡಲು ಬರೀ ಕಣ್ಣು ಹೊರಳಿಸಬೇಡಿ, ಮೂಗು ಅದರ ಕಡೆ ತಿರುಗುವ ಹಾಗೆ ತಲೆಯನ್ನೇ ತಿರುಗಿಸಿ. ಓದುವಾಗ ಇದಕ್ಕೆ ತಿರುಗುಮುರುಗು: ತಲೆ ನೇರವಾಗಿರಲಿ, ಕಣ್ಣು ಮಾತ್ರ ಕೆಳಗಿಳಿಯಲಿ.

ಮೆಟ್ಟಿಲಿನ ವಿಷಯದಲ್ಲಿ ಮಾತ್ರ ತುಂಬಾ ಹುಷಾರಾಗಿರಿ. ಲೆನ್ಸಿನ ಕೆಳಭಾಗ ಸುಮಾರು 40 ಸೆಂಟಿಮೀಟರ್ ದೂರಕ್ಕೆ ಮಾಡಿದ್ದು. ನಿಮ್ಮ ಪಾದ ಅದಕ್ಕಿಂತ ಎಷ್ಟೋ ದೂರದಲ್ಲಿದೆ. ಅದರ ಮೂಲಕ ನೋಡಿದರೆ ಮೆಟ್ಟಿಲಿನ ಅಂಚು ಮಸುಕಾಗಿ, ಇರುವ ಜಾಗದಲ್ಲಿ ಇಲ್ಲದ ಹಾಗೆ ಕಾಣುತ್ತದೆ. ಗದ್ದವನ್ನು ಎದೆಯ ಕಡೆ ತಗ್ಗಿಸಿ, ಲೆನ್ಸಿನ ಮೇಲ್ಭಾಗದಿಂದ ಮೆಟ್ಟಿಲು ನೋಡಿ. ಕಂಬಿ ಹಿಡಿದುಕೊಳ್ಳಿ. ನೆಲ ತೇಲುವುದು ನಿಲ್ಲುವ ತನಕ ಗಾಡಿಯನ್ನೂ ಓಡಿಸಬೇಡಿ.

ಇನ್ನು ಕಾದರೂ ಸರಿಹೋಗದ ವಿಷಯಗಳು. ಕೂತು ಪರೀಕ್ಷೆ ಮಾಡಿ. ನೇರ ಎದುರಿಗೆ ದೂರ ನೋಡಿದಾಗ ಮಸುಕು, ಗದ್ದ ಇಳಿಸಿದರೆ ಸ್ಪಷ್ಟ ಅಂತಾದರೆ ಲೆನ್ಸ್ ಮುಖದ ಮೇಲೆ ಎತ್ತರದಲ್ಲಿ ಕೂತಿದೆ. ಓದಲು ಗದ್ದ ಎತ್ತಬೇಕು, ಅಥವಾ ಬೆರಳಿನಿಂದ ಫ್ರೇಮ್ ಮೇಲೆತ್ತಿದ ಕೂಡಲೇ ಅಕ್ಷರ ಸ್ಪಷ್ಟವಾಗುತ್ತದೆ ಅಂತಾದರೆ ಕೆಳಗೆ ಕೂತಿದೆ. ಪುಸ್ತಕವನ್ನು ಒಂದು ಪಕ್ಕಕ್ಕೆ ಸರಿಸಿದರೆ ಮಾತ್ರ ಚೆನ್ನಾಗಿ ಕಾಣುತ್ತದೆ ಅಂತಾದರೆ ಫ್ರೇಮ್ ಸೊಟ್ಟಗಿದೆ, ಇಲ್ಲವೇ ಎರಡು ಕಣ್ಣಿನ ನಡುವಿನ ಅಳತೆ ತಪ್ಪಿದೆ. ಒಂದೆರಡು ಮಿಲಿಮೀಟರ್ ಅಂತ ತಾತ್ಸಾರ ಬೇಡ, ಈ ಲೆನ್ಸಿನಲ್ಲಿ ಅಷ್ಟು ಸಾಕು. ಎಷ್ಟೋ ಸಲ ಮೂಗಿನ ಪ್ಯಾಡ್ ಸರಿಮಾಡಿ, ಕಿವಿಯ ಹಿಂದೆ ಕಡ್ಡಿ ಬಗ್ಗಿಸಿದರೆ ಸರಿಹೋಗುತ್ತದೆ. ಆಗದಿದ್ದರೆ ಲೆನ್ಸಿನ ಮೇಲಿನ ಗುರುತು ಹಾಕಿ ನೋಡಿ ಅಂತ ಅಂಗಡಿಯವರನ್ನು ಕೇಳಿ. ಪ್ರತಿ ಪ್ರೋಗ್ರೆಸಿವ್ ಲೆನ್ಸಿನಲ್ಲೂ 34 ಮಿಲಿಮೀಟರ್ ಅಂತರದಲ್ಲಿ ಎರಡು ಸಣ್ಣ ಗುರುತು ಕೆತ್ತಿರುತ್ತಾರೆ. ಅದನ್ನು ಹಿಡಿದು, ನಿಮ್ಮ ಕಣ್ಣಿನ ಪಾಪೆ ಇರಬೇಕಾದ ಜಾಗದಲ್ಲಿ ಇದೆಯಾ ಅಂತ ಅಲ್ಲೇ ನೋಡಬಹುದು. ತಪ್ಪಿದ್ದರೆ ಲೆನ್ಸ್ ಬೇರೆ ಮಾಡಿಕೊಡಬೇಕಾದ್ದು ಅವರ ಕೆಲಸ, ಸಂಕೋಚ ಬೇಡ.

ನಿಮ್ಮ ಕತ್ತು ನೋವಿಗೆ ಇನ್ನೂ ಒಂದು ಕಾರಣ ಇರಬಹುದು. ಕಂಪ್ಯೂಟರ್ ಇರುವುದು 60-70 ಸೆಂಟಿಮೀಟರ್ ದೂರದಲ್ಲಿ. ಅದಕ್ಕೆ ಬೇಕಾದ ಪವರ್ ಆ ನಡುವಿನ ಕಿರಿದಾದ ದಾರಿಯಲ್ಲಿ, ನೇರ ನೋಟಕ್ಕಿಂತ ಕೆಳಗಿದೆ. ಮೊದಲು ಮಾನಿಟರನ್ನು ತಗ್ಗಿಸಿ, ಅದರ ಮೇಲಿನ ಅಂಚು ಕಣ್ಣಿನ ಮಟ್ಟಕ್ಕಿಂತ ಚೆನ್ನಾಗಿ ಕೆಳಗಿರಲಿ. ದಿನವಿಡೀ ಪರದೆ ಮುಂದೆ ಕೂರುವವರಾದರೆ ಆ ದೂರಕ್ಕೇ ಬೇರೆ ಕನ್ನಡಕ ಮಾಡಿಸಿಕೊಳ್ಳಿ ಅಂತಲೇ ನಾನು ಹೇಳುವುದು. ಒಂದೇ ಕನ್ನಡಕ ಎಲ್ಲ ಕೆಲಸಕ್ಕೂ ಆಗಬೇಕು ಅನ್ನುವ ಆಸೆಗೆ ಕತ್ತು ಬಲಿಕೊಡುವುದು ಬೇಡ.

ಅಮ್ಮನ ವಿಷಯಕ್ಕೆ ಬಂದರೆ, ಈಗಿರುವ ಬೈಫೋಕಲ್ (ದೂರ, ಓದು ಎರಡಕ್ಕೂ ಒಂದೇ, ನಡುವೆ ಗೆರೆ ಕಾಣುವುದು) ಅಥವಾ ಬೇರೆ ಬೇರೆ ಎರಡು ಕನ್ನಡಕ ಅವರಿಗೆ ಹೊಂದಿಕೊಂಡಿದ್ದರೆ ಸುಮ್ನೆ ಬದಲಾಯಿಸಬೇಡಿ. ಆ ವಯಸ್ಸಿನಲ್ಲಿ ಬಿದ್ದರೆ ಕಷ್ಟ. 2010ರಲ್ಲಿ ಆಸ್ಟ್ರೇಲಿಯಾದ ಒಂದು ಅಧ್ಯಯನ ಪ್ರಕಟವಾಯಿತು. ಬೈಫೋಕಲ್, ಪ್ರೋಗ್ರೆಸಿವ್‌ನಂಥ ಲೆನ್ಸ್ ಹಾಕುವ ಹಿರಿಯರಲ್ಲಿ ಕೆಲವರಿಗೆ ಹೊರಗೆ ಓಡಾಡುವಾಗ ಹಾಕಲು ಬರೀ ದೂರದ ಪವರ್ ಕನ್ನಡಕವನ್ನೂ ಕೊಟ್ಟಿದ್ದರು. ಆಗಾಗ ಹೊರಗೆ ಹೋಗುವ ಹಿರಿಯರು ಬೀಳುವುದು ಕಡಿಮೆಯಾಯಿತು. ಹೊರಗೆ ಹೋಗುವುದೇ ಅಪರೂಪ ಆಗಿದ್ದವರಿಗೆ ಇದರಿಂದ ಲಾಭವಾಗಲಿಲ್ಲ, ಹೊರಗೆ ಬೀಳುವುದು ಹೆಚ್ಚೇ ಆಯಿತು. ಹಾಗಾಗಿ ಅಮ್ಮ ದಿನಾ ಎಷ್ಟು, ಎಲ್ಲಿ ಓಡಾಡುತ್ತಾರೆ ಅಂತ ಕಣ್ಣಿನ ಡಾಕ್ಟರಿಗೆ ಹೇಳಿಯೇ ತೀರ್ಮಾನ ಮಾಡಿ. ಅವರು ಓದುವ ಜಾಗದಲ್ಲಿ ಬೆಳಕು ಜಾಸ್ತಿ ಮಾಡಿ. ವಯಸ್ಸಾದಂತೆ ಕಣ್ಣಿನ ಪಾಪೆ ಚಿಕ್ಕದಾಗಿ, ಒಳಗೆ ಹೋಗುವ ಬೆಳಕೇ ಕಡಿಮೆಯಾಗುತ್ತದೆ.

ಅಮ್ಮನಿಗೆ ಇದ್ದಕ್ಕಿದ್ದಂತೆ ಕನ್ನಡಕ ಇಲ್ಲದೆ ಓದಲು ಬಂದರೆ ಕಣ್ಣು ಸುಧಾರಿಸಿತು ಅಂದುಕೊಳ್ಳಬೇಡಿ, ಪೊರೆ ಬೆಳೆಯುವಾಗ ಹಾಗಾಗುತ್ತದೆ, ತೋರಿಸಿ. ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆ ಏರಿಳಿದರೆ ಪವರ್ ಕೂಡ ಏರಿಳಿಯುತ್ತದೆ, ಅದು ಹತೋಟಿಗೆ ಬಂದ ಮೇಲೆಯೇ ಹೊಸ ಕನ್ನಡಕಕ್ಕೆ ಪರೀಕ್ಷೆ ಮಾಡಿಸಬೇಕು. ಇನ್ನು ನಿಮಗಾಗಲಿ ಅವರಿಗಾಗಲಿ ಮಿಂಚು ಹೊಡೆದ ಹಾಗೆ ಕಂಡರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಹೆಚ್ಚಿದರೆ, ಪರದೆ ಇಳಿದ ಹಾಗೆ ಒಂದು ಕಡೆ ಕತ್ತಲಾದರೆ, ಒಂದು ವಸ್ತು ಹಠಾತ್ತನೆ ಎರಡಾಗಿ ಕಂಡರೆ, ಅಥವಾ ಒಂದು ಕಣ್ಣಿನಲ್ಲಿ ನೇರ ಗೆರೆ ಡೊಂಕಾಗಿ ಕಾಣಲು ಶುರುವಾದರೆ ಕನ್ನಡಕದ ಅಂಗಡಿಗೆ ಹೋಗಬೇಡಿ. ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.