ಹಂಗಾದ್ರೆ ರಾಶಿ ಎಲ್ಲಿ ಹಾಕೋಣ?

ದಾವಣಗೆರೆಯಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಸರ್ಕಾರಿ ಕಚೇರಿಯಲ್ಲಿದ್ದು ನಿವೃತ್ತರಾದವರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಮೂರು ಪುಟದ ಪತ್ರದ ಸಾರ ಇಷ್ಟು. ಕಾರ್ತಿಕದ ಒಂದು ಸಂಜೆ ಜಗಳೂರಿನ ಕಡೆ ಮದುವೆ ಊಟ ಮುಗಿಸಿಕೊಂಡು ಗಂಡ ಹೆಂಡತಿ ಸ್ಕೂಟರಲ್ಲಿ ವಾಪಸ್ ಬರುತ್ತಿದ್ದರು. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿತ್ತು. ಅಂಚಿಗೆ ಸಾಲಾಗಿ ಕಲ್ಲು. ಕತ್ತಲಲ್ಲಿ ಕಾಣಲಿಲ್ಲ, ಸ್ಕೂಟರ್ ಜಾರಿತು. ಇವರ ಮಂಡಿ ತರಚಿತು, ಮನೆಯವರ ಮುಂಗೈ ಮುರಿದು ಪಟ್ಟಿ ಹಾಕಿಸಿಕೊಂಡಿದ್ದಾರೆ. ಕೊನೆಗೆ ಅವರು ಕೇಳುವುದು ಇದು: "ರಸ್ತೆ ಇವರಪ್ಪನದಾ? ಪೊಲೀಸರು ಕೇಸ್ ಹಾಕಲಿ, ದಂಡ ಹಾಕಲಿ. ಹಳ್ಳಿಯವರಿಗೆ ಶಿಸ್ತೇ ಇಲ್ಲ. ನೀವು ಪತ್ರಿಕೆಯವರು ಇದನ್ನ ಬರೆಯಲ್ಲ ಬಿಡಿ. ರೈತ ಅಂದ ತಕ್ಷಣ ಕೈ ಮುಗಿದುಬಿಡ್ತೀರಿ."

ಸರ್, ಮೊದಲು ಒಂದು ಮಾತು. ನಿಮ್ಮ ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ನಮ್ಮ ಕಚೇರಿಗೆ ಈಗ ಕೈಬರಹದ ಪತ್ರ ಬರುವುದೇ ಅಪರೂಪ. ಬಂದರೂ ಓದೋಕೆ ಡಾಕ್ಟರ ಚೀಟಿ ಓದುವ ಔಷಧಿ ಅಂಗಡಿಯವರೇ ಬೇಕು. ನಿಮ್ಮ ಸಿಟ್ಟು ಕೂಡ ಎಷ್ಟು ಚೆಂದವಾಗಿ ಗೆರೆ ತಪ್ಪದೆ ಬಂದಿದೆ!

ಎರಡನೆಯದು, ನೀವು ಹೇಳಿದ್ದು ಸರಿ. ರಸ್ತೆ ಇರುವುದು ಗಾಡಿಗೆ. ಕಲ್ಲಿಟ್ಟು ರಾತ್ರಿ ಹಾಗೇ ಬಿಟ್ಟು ಹೋಗುವುದು ತಪ್ಪು. ಇದರಿಂದ ಜೀವ ಹೋದದ್ದೂ ಇದೆ. ಹುರುಳಿ ಸೊಪ್ಪು ರಸ್ತೆಗೆ ಹಾಕಿ, ಅದು ಕಾರಿನ ಅಡಿಗೆ ಸುತ್ತಿಕೊಂಡು ಬೆಂಕಿ ಹತ್ತಿದ ಸುದ್ದಿಯನ್ನು ಸುಗ್ಗಿ ಬಂದಾಗಲೆಲ್ಲ ಓದುತ್ತೇವೆ. ಇದನ್ನು ಯಾರೂ ಸಮರ್ಥಿಸಲ್ಲ, ನಾನೂ ಸಮರ್ಥಿಸಲ್ಲ.

ಅಲ್ಲಿಗೆ ನಿಮ್ಮ ಪಾಲಿನ ಮಾತು ಮುಗಿಯಿತು. ಇನ್ನು ನನ್ನದು ಕೇಳಿ.

ಹೋದ ಸುಗ್ಗಿಯಲ್ಲಿ ಆನಗೋಡಿನಿಂದ ಒಳಗೆ ಹೋಗುವಾಗ ಒಂದು ಊರಿನ ಹೊರಗೆ ನಾನೂ ಹೀಗೇ ಗಾಡಿ ನಿಲ್ಲಿಸಬೇಕಾಯಿತು. ರಸ್ತೆ ಮೇಲೆ ಒಂದು ಫರ್ಲಾಂಗ್ ಉದ್ದ ಹಳದಿ. ಒಬ್ಬ ಅಜ್ಜಿ ಸೀರೆ ಎತ್ತಿ ಕಟ್ಟಿಕೊಂಡು, ಕಾಲು ಎತ್ತದೆ, ಕಾಳಿನೊಳಗೆ ಪಾದ ಎಳೆದುಕೊಂಡು ನಡೆಯುತ್ತಿದ್ದಳು. ಹಾಗೆ ನಡೆದರೆ ಕಾಲಿನ ಹಿಂದೆ ಎರಡು ಸಾಲು ಬೀಳುತ್ತೆ, ಅಡಿಯ ಕಾಳು ಮೇಲೆ ಬರುತ್ತೆ. ಆ ತುದಿಗೆ ಹೋಗಿ ಮತ್ತೆ ಈ ತುದಿಗೆ. ನಡುವೆ ಬಗ್ಗಿ ಒಂದು ಕಾಳು ಎತ್ತಿ ಬಾಯಿಗೆ ಹಾಕಿಕೊಂಡು ಕಚ್ಚಿದಳು. ಮುಖ ಕಿವುಚಿದಳು. "ಇನ್ನಾ ಹಸಿ ಐತೆ. ಕಟ್ ಅನ್ನಬೇಕು, ಅವಾಗ ಒಣಗಿದ್ದು."

ಅಜ್ಜಿ, ಕಾಳು ಒಕ್ಕಿ ಒಣಗಿಸೋಕೆ ಊರಲ್ಲಿ ಕಣ ಇಲ್ವಾ ಅಂದೆ. ಅವಳು ನನ್ನ ಕಡೆ ನೋಡಿದ ರೀತಿ ಇದೆಯಲ್ಲ, ನಿಮ್ಮ ಮೂರು ಪುಟದ ಸಿಟ್ಟಿಗಿಂತ ಜಾಸ್ತಿ ಚುಚ್ಚಿತು. "ಯಾವ ಕಣಪ್ಪ? ಕಣದಾಗೆ ಭವನ ಕಟ್ಯಾರೆ, ಹೋಗಿ ನೋಡು."

ಹೋಗಿ ನೋಡಿದೆ. ಸಮುದಾಯ ಭವನ. ಗುಲಾಬಿ ಬಣ್ಣ. ಶಟರ್‌ಗೆ ಬೀಗ. ಬೀಗಕ್ಕೆ ತುಕ್ಕು. ಗೋಡೆ ಮೇಲೆ ಗಣ್ಯರ ಹೆಸರಿನ ಕಲ್ಲು ಮಾತ್ರ ಪಳಪಳ ಹೊಳೆಯುತ್ತಿತ್ತು. ಕೀಲಿ ಯಾರ ಹತ್ತಿರ ಇದೆ ಅಂತ ಮೂರು ಜನರನ್ನು ಕೇಳಿದೆ, ಮೂರು ಹೆಸರು ಹೇಳಿದರು.

ಸರ್, ನೀವು ಸೈಟಿನ ಲೆಕ್ಕ ಬಲ್ಲವರು, ಅದರಲ್ಲೇ ಹೇಳುತ್ತೇನೆ. ಮಳೆ ನಂಬಿದ ಹೊಲದಲ್ಲಿ ಎಕರೆಗೆ 20 ಕ್ವಿಂಟಲ್ ಮೆಕ್ಕೆಜೋಳ ಬಂತು ಅಂತಿಟ್ಟುಕೊಳ್ಳಿ. ಮೂರೆಕರೆಗೆ 60 ಕ್ವಿಂಟಲ್. ಅದನ್ನು ಎರಡು ಇಂಚು ದಪ್ಪಕ್ಕೆ ಹರವಿದರೆ ಸುಮಾರು 1,800 ಚದರ ಅಡಿ ಜಾಗ ಬೇಕು. ಅಂದರೆ ನಿಮ್ಮ 30x40ರ ಒಂದೂವರೆ ಸೈಟು. ಇದು ಒಂದು ಸಣ್ಣ ಮನೆಯ ಬೆಳೆಗೆ. ಊರಲ್ಲಿ ಇನ್ನೂರು ಮನೆ ಇದ್ದರೆ? ಬಿಸಿಲಿರುವ, ಕೆಸರಿಲ್ಲದ, ಲಾರಿ ಬಂದು ನಿಲ್ಲುವಂಥ ಅಷ್ಟು ಜಾಗ ಊರಲ್ಲಿ ಒಂದೇ ಒಂದು ಕಡೆ ಇದೆ. ಅದೇ ನೀವು ಜಾರಿ ಬಿದ್ದ ಜಾಗ.

ಮೊದಲು ಹೀಗೆ ಎಲ್ಲರ ರಾಶಿ ಒಂದೇ ವಾರ ಬೀಳುತ್ತಿರಲಿಲ್ಲ. ಜೋಳ, ರಾಗಿ, ಸಜ್ಜೆ, ಸಾವೆ, ಶೇಂಗಾ, ಹತ್ತಿ ಅಂತ ಒಂದೊಂದು ಒಂದೊಂದು ಕಾಲಕ್ಕೆ ಬರುತ್ತಿತ್ತು. ಸಾಲಿನ ನಡುವೆ ಅಕ್ಕಡಿ ಬೇರೆ: ತೊಗರಿ, ಅವರೆ, ಅಲಸಂದೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ ಹತ್ತಿ ಗಾಡಿಗಳ ಸಾಲು ನೋಡಿದವನು ನಾನು. ಮಿಲ್ಲು ಮುಚ್ಚಿದವು, ಹತ್ತಿ ಹೋಯಿತು, ಎಲ್ಲರೂ ಮೆಕ್ಕೆಜೋಳಕ್ಕೆ ಬಂದರು. ಒಂದೇ ಮಳೆಗೆ ಬಿತ್ತುತ್ತಾರೆ, ಒಂದೇ ಸಲ ಮುರಿಯುತ್ತಾರೆ. ಆಗೆಲ್ಲ ತೆನೆಯನ್ನೇ ಒಣಗಿಸಿ ಇಟ್ಟುಕೊಂಡು ಬೇಕಾದಾಗ ಬಿಡಿಸುತ್ತಿದ್ದರು. ಈಗ ಮಷೀನು ಊರಿಗೆ ಬಂದ ದಿನವೇ ಎಲ್ಲರದೂ ಆಗಬೇಕು. ಇವತ್ತು ಬಿಟ್ಟರೆ ಇನ್ನು ಹತ್ತು ದಿನ ಸಿಗಲ್ಲ. ಒಂದು ಗಂಟೆಯಲ್ಲಿ ಕಾಳು ಸುರಿದು ಹೋಗಿಬಿಡುತ್ತೆ. ಆ ಕಾಳಲ್ಲಿ ನೂರಕ್ಕೆ 20ಕ್ಕಿಂತ ಜಾಸ್ತಿ ನೀರಿರುತ್ತೆ. ಬೆಂಬಲ ಬೆಲೆಗೆ ಕೊಡಬೇಕಾದರೆ 14 ಮೀರಬಾರದು. ಆ ಆರೇಳು ಅಂಶ ನೀರು ಹಾರಿಸೋಕೆ ನಾಲ್ಕೈದು ದಿನದ ಗಟ್ಟಿ ಬಿಸಿಲು ಬೇಕು. ಮೇಲೆ ನೋಡಿದರೆ ಸ್ವಾತಿ, ವಿಶಾಖ ಮಳೆ ಮೋಡ ಕಟ್ಟಿಕೊಂಡು ನಿಂತಿರುತ್ತೆ. ರಾಶಿ ನೆನೆದರೆ ಬೂಷ್ಟು.

ಖರೀದಿಗೆ ಬಂದವನು ಒಂದು ಹಿಡಿ ಕಾಳನ್ನ ಮೀಟರಿಗೆ ಹಾಕುತ್ತಾನೆ. 17 ಅಂತ ತೋರಿಸಿದರೆ ಬೆಲೆ ಇಳಿಯಿತು. ಅಜ್ಜಿಯ ಹಲ್ಲಿಗೂ ಆ ಮೀಟರಿಗೂ ಜಗಳ ಆದರೆ ಗೆಲ್ಲುವುದು ಮೀಟರೇ. 2025-26ಕ್ಕೆ ಕೇಂದ್ರ ಸರ್ಕಾರ ಹೇಳಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಆ ಸುಗ್ಗಿಯಲ್ಲಿ ನಮ್ಮ ಭಾಗದ ರೈತರು ಅದಕ್ಕಿಂತ ಎಷ್ಟೋ ಕೆಳಗೆ ಮಾರಿ, ಖರೀದಿ ಕೇಂದ್ರ ತೆಗೀರಿ ಅಂತ ಹೋರಾಟಕ್ಕೆ ಇಳಿದರು. ರಾಶಿಯೂ ಬೀದೀಲಿ, ರಾಶಿ ಮಾಡಿದವನೂ ಬೀದೀಲಿ.

ಈಗ ನನ್ನ ಹಳೇ ಹುಚ್ಚಿಗೆ ಬರುತ್ತೇನೆ. ಪತ್ರಿಕೆಯ ಹಳೆಯ ಓದುಗರು "ಶುರು ಹಚ್ಚಿಕೊಂಡ ನೋಡು" ಅಂತ ನಗಬಹುದು, ನಗಲಿ.

ಹೊಳಲ್ಕೆರೆ ಕಡೆಯ ನಮ್ಮ ಊರಲ್ಲಿ ಕಣ ಮಾಡುವುದೇ ಒಂದು ಹಬ್ಬ. ನೆಲ ಕೆತ್ತಿ, ನೀರು ಚಿಮುಕಿಸಿ, ರೋಣಗಲ್ಲು ಉರುಳಿಸಿ, ಸಗಣಿ ಸಾರಿಸಿ, ನಡುವೆ ಮೇಟಿ ಕಂಬ ನೆಡುತ್ತಿದ್ದರು. ನಮ್ಮ ಮನೆ ಕಣಕ್ಕೆ ಪಕ್ಕದ ಮನೆಯವರ ಮುಯ್ಯಾಳು, ಅವರದಕ್ಕೆ ನಾವು. ಚಪ್ಪಲಿ ಹಾಕಿಕೊಂಡು ಕಣಕ್ಕೆ ಕಾಲಿಡುವ ಹಾಗಿಲ್ಲ. ರಾಶಿ ಅಳೆಯುವಾಗ ಒಂದು ಅನ್ನುವ ಹಾಗಿಲ್ಲ. ಮೊದಲ ಕೊಳಗಕ್ಕೆ "ಲಾಭ" ಅನ್ನಬೇಕು, ಆಮೇಲೆ ಎರಡು, ಮೂರು. ನಾನು ಲೆಕ್ಕ ಕಲಿತದ್ದು ಹಾಗೆ. ಶಾಲೆಯಲ್ಲಿ ಮೇಷ್ಟ್ರು ಎಣಿಸು ಅಂದಾಗ "ಲಾಭ, ಎರಡು" ಅಂದು ಬೆತ್ತದ ಏಟು ತಿಂದಿದ್ದೇನೆ. ರಾತ್ರಿ ರಾಶಿ ಕಾಯೋಕೆ ತಾತನ ಜೊತೆ ಹುಲ್ಲಿನ ಮೇಲೆ ಕಂಬಳಿ ಹೊದ್ದು ಮಲಗಿದರೆ, ಅಕ್ಕಪಕ್ಕದ ಕಣಗಳಿಂದ ಕೆಮ್ಮು, ಬೀಡಿ ಕೆಂಡ, ಮಾತು. ಊರಿನ ವ್ಯಾಜ್ಯಗಳು ಅರ್ಧ ಅಲ್ಲೇ ಮುಗಿಯುತ್ತಿದ್ದವು. ಇನ್ನರ್ಧ ಅಲ್ಲೇ ಹುಟ್ಟುತ್ತಿದ್ದವು ಅನ್ನಿ.

ಎಲ್ಲಾ ಚೆಂದ ಇತ್ತು ಅಂತ ಸುಳ್ಳು ಹೇಳಲ್ಲ. ಬಡಗಿ, ಕಮ್ಮಾರ, ಅಗಸ, ತೂಬು ಕಾಯುವ ನೀರಗಂಟಿ, ಎಲ್ಲರೂ ತಮ್ಮ ಆಯ, ಅಂದರೆ ವರ್ಷದ ಕೆಲಸಕ್ಕೆ ಸಲ್ಲುವ ಕಾಳಿನ ಪಾಲು, ತಗೊಳ್ಳೋಕೆ ಕಣಕ್ಕೆ ಬರುತ್ತಿದ್ದರು. ನಮಗೆ ಮಿಣಿ, ಚಪ್ಪಲಿ ಮಾಡಿಕೊಡುತ್ತಿದ್ದವರು ಮಾತ್ರ ಸಗಣಿ ಸಾರಿಸಿದ ಅಂಚಿನಾಚೆ ನಿಲ್ಲುತ್ತಿದ್ದರು. ವರ್ಷವಿಡೀ ಅವರು ಹೊಲಿದದ್ದನ್ನೇ ಮೆಟ್ಟಿ ಓಡಾಡಿದ ತಾತ ಅವರ ಗೋಣಿಗೆ ಮೇಲಿಂದ ಸುರಿಯುತ್ತಿದ್ದರು. ಅವರ್ಯಾಕೆ ಒಳಗೆ ಬರಲ್ಲ ಅಂತ ಕೇಳಿದ್ದಕ್ಕೆ ನನ್ನ ಕಪಾಳಕ್ಕೆ ಬಿತ್ತು. ಆ ಕಣ ಹಾಗೇ ವಾಪಸ್ ಬರಲಿ ಅಂತ ನಾನು ಕೇಳುತ್ತಿಲ್ಲ. ಅಂಚಿಲ್ಲದ ಕಣ ಕೇಳುತ್ತಿದ್ದೇನೆ. ನಮ್ಮವರು ಏನು ಮಾಡಿದರು? ಅಂಚು ಉಳಿಸಿಕೊಂಡು ಕಣವನ್ನೇ ಅಳಿಸಿದರು.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ: ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ. ಐದು ಕೆರೆ ಕಟ್ಟಿಸಿದರು ಅಂತ ಜನ ನೆನೆಯುತ್ತಾರೆ. ಜಾತ್ರೆಗೆ ಹೋಗಿ ರಥಕ್ಕೆ ಕೈ ಮುಗಿದು ಮೆಣಸು ಮಂಡಕ್ಕಿ ಎಸೆದು ಬರುವ ನಾವು, ಮಣ್ಣು ಹೊತ್ತವನಿಗೆ ಕೂಲಿ ಸರಿಯಾಗಿ ಕೊಡುವುದೂ ಒಂದು ಧರ್ಮ ಅನ್ನುವುದನ್ನ ಜಾತ್ರೆ ಬಯಲಲ್ಲೇ ಬಿಟ್ಟು ಬರುತ್ತೇವೆ. ಈಗ ಜಗಳೂರಿನ 57 ಕೆರೆಗೆ ತುಂಗಭದ್ರೆಯ ನೀರು ಪೈಪಿನಲ್ಲಿ ತರುವ ಯೋಜನೆ ಬಂದಿದೆ. ಬಹಳ ಒಳ್ಳೆಯದು, ಬರ ಕಂಡ ಜನ, ನೀರು ಕಂಡು ಅತ್ತಿದ್ದಾರೆ. ಆದರೆ ಬಟನ್ ಒತ್ತುವವರು ಎಲ್ಲೋ ಇರುತ್ತಾರೆ. ಹೂಳು ಎತ್ತೋಕೆ, ತೂಬು ಕಾಯೋಕೆ ಊರು ಒಂದಾಗಿ ಏಳುವುದು ನಿಂತುಹೋಯಿತು. ನೀರೂ ಬರುತ್ತೆ, ರೇಷನ್ನೂ ಬರುತ್ತೆ, ಭವನವೂ ಬರುತ್ತೆ. ಎಲ್ಲಾ ಹೊರಗಿಂದ ಬರುತ್ತೆ. ಊರವರು ಕೂಡಿ ಮಾಡುವ ಕೆಲಸ ಅಂತ ಉಳಿದದ್ದು ಗಣಪತಿ ಚಂದಾ ಎತ್ತುವುದು ಒಂದೇ.

ನರೇಗಾದಲ್ಲಿ ಒಕ್ಕಣೆ ಕಣ ಕಟ್ಟಿಸಿಕೊಂಡ ಊರುಗಳೂ ಇವೆ, ಇಲ್ಲ ಅಂತಲ್ಲ. ನಾನು ನೋಡಿದ ಒಂದರಲ್ಲಿ ಹುಡುಗರು ವಾಲಿಬಾಲ್ ನೆಟ್ ಕಟ್ಟಿದ್ದರು. ರಾಶಿ ಹಾಕೋಕೆ ಆಗಲ್ವಾ ಅಂದರೆ, ಮೂರು ಮನೆಯದ್ದು ಹಿಡಿಸುತ್ತೆ, ನಾಲ್ಕನೆಯವನು ಜಗಳಕ್ಕೆ ಬರ್ತಾನೆ ಅಂದರು. ಗೋಮಾಳ ಇದ್ದ ಕಡೆ ಅರ್ಧ ಎಕರೆ ಬಿಟ್ಟಿದ್ದರೆ ಆ ಜಗಳ ಇರುತ್ತಿರಲಿಲ್ಲ. ಹೊಲ ಅಣ್ಣತಮ್ಮಂದಿರ ನಡುವೆ ಹರಿದು ಎರಡೆಕರೆ ಆದ ಮೇಲೆ ತನ್ನದೇ ಕಣಕ್ಕೆ ಅಂತ ಯಾರು ಜಾಗ ಬಿಡುತ್ತಾರೆ ಹೇಳಿ. ಸಾರಿಸೋಣ ಅಂದರೆ ಸಗಣಿಗೆ ದನವೂ ಇಲ್ಲ.

ನಮ್ಮ ಕಸುಬಿನವರ ತಪ್ಪೂ ಒಂದು ಇದೆ, ಒಪ್ಪಿಕೊಂಡುಬಿಡುತ್ತೇನೆ. "ಕಣ" ಅನ್ನುವ ಪದ ಯಾವುದಾದರೂ ಪತ್ರಿಕೆಯಲ್ಲಿ ಹುಡುಕಿ, ನಮ್ಮದೂ ಸೇರಿ. ಚುನಾವಣಾ ಕಣ. ಕಣಕ್ಕಿಳಿದ ಅಭ್ಯರ್ಥಿ. ಕಣದಿಂದ ಹಿಂದೆ ಸರಿದ ಬಂಡಾಯಗಾರ. ಗಾಳಿ ಬಂದಾಗ ತೂರಿಕೋ ಅನ್ನುವ ಗಾದೆಯೂ ಈಗ ಪಕ್ಷ ಬಿಡುವವರಿಗೇ ಮೀಸಲು. ಸಂಜೆ ಗಾಳಿಗೆ ಕಾದು, ಮೊರ ಎತ್ತಿ ಹಿಡಿದು, ಹೊಟ್ಟು ಹಾರಿ ಕಾಳು ಕಾಲಬುಡಕ್ಕೆ ಬೀಳುವುದನ್ನು ನೋಡಿದವರು ನಮ್ಮ ಕಚೇರಿಯಲ್ಲಿ ಇಬ್ಬರೇ. ಒಬ್ಬ ನಾನು, ಇನ್ನೊಬ್ಬರು ಟೀ ತಂದುಕೊಡುವ ಯಜಮಾನರು.

ಇನ್ನು ಶಿಸ್ತಿನ ಮಾತು. ಸರ್, ದಾವಣಗೆರೆಯವರು ನೀವು, ಸಂಜೆ ಮಂಡಕ್ಕಿ ಮಿರ್ಚಿ ಬಿಟ್ಟಿರೋಕೆ ಆಗಲ್ಲ ಅಲ್ವಾ? ಆ ಮಂಡಕ್ಕಿಯ ಭತ್ತ ಭದ್ರಾ ಕಾಲುವೆ ಬಯಲಿನ ಯಾವುದೋ ರಸ್ತೆ ಮೇಲೆ ಎರಡು ದಿನ ಮಲಗಿ ಬಂದಿರಬಹುದು. ನಿಮ್ಮ ಮೊಮ್ಮಗ ತಿನ್ನುವ ಮೊಟ್ಟೆ ಇಟ್ಟ ಕೋಳಿ ತಿಂದದ್ದೂ ಇದೇ ಮೆಕ್ಕೆಜೋಳ. ಅಜ್ಜಿಗೆ ಐನೂರು ರೂಪಾಯಿ ದಂಡ ಹಾಕಿಸುವುದು ಸುಲಭ, ಅವಳು ಸೆರಗಿನ ಗಂಟು ಬಿಚ್ಚಿ ಕೊಟ್ಟೂ ಕೊಡುತ್ತಾಳೆ. ಮಾರನೇ ದಿನ ಕಾಳು ಮತ್ತೆ ಅಲ್ಲೇ ಇರುತ್ತೆ. ನೀವು ಕಚೇರಿಯಲ್ಲಿ ಇಷ್ಟು ವರ್ಷ ಕೂತವರು, ಕಡತ ಹೇಗೆ ನಡೆಯುತ್ತೆ, ಎಲ್ಲಿ ನಿಲ್ಲುತ್ತೆ ಅಂತ ಬಲ್ಲವರು. ನೀವೇ ಪೊಲೀಸರನ್ನ ಕರೆದರೆ ಹೇಗೆ?

ಆ ಊರಿಗೆ ಮೊನ್ನೆ ಮತ್ತೆ ಹೋಗಿದ್ದೆ, ನಿಮ್ಮ ಪತ್ರ ಜೇಬಲ್ಲೇ ಇತ್ತು. ಅಜ್ಜಿಗೆ ಓದಿ ಹೇಳಿದೆ. ಕೈ ಮುರಿದದ್ದು ಕೇಳಿ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ ಶಿವನೇ, ಆ ಕಲ್ಲಿಗೆ ಸುಣ್ಣನಾರ ಬಳೀಬೇಕಿತ್ತು" ಅಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ರಾಶಿ ಎಲ್ಲಿ ಹಾಕಾನ ಅಂತ ಬರದಾರಾ ಅವರು?" ಅಂತ ಕೇಳಿದಳು. ಇಲ್ಲ ಅಂದೆ.

ಭವನದ ಹಿಂದೆ ಇನ್ನೂ ಒಂದು ಅರ್ಧ ಎಕರೆ ಜಾಲಿ ಬೆಳೆದು ಬಿದ್ದಿದೆ. ಅದನ್ನು ಕಣಕ್ಕೆ ಬಿಟ್ಟುಕೊಡಿ ಅಂತ ಅರ್ಜಿ ಕೊಡಬೇಕು ಅಂತ ನಾಲ್ಕು ಜನ ಹುಡುಗರು ಓಡಾಡುತ್ತಿದ್ದಾರೆ. ಎರಡು ಸಲ ಬರೆದುಕೊಟ್ಟರಂತೆ, ಸರಿಯಾಗಿಲ್ಲ ಅಂತ ಎರಡು ಸಲವೂ ವಾಪಸ್ ಬಂತಂತೆ. ಯಾರಿಗೆ ಬರೆಯಬೇಕು, ಯಾವ ದಾಖಲೆ ಹಚ್ಚಬೇಕು ಅಂತ ಅವರಿಗೆ ಗೊತ್ತಿಲ್ಲ. ನನಗೂ ಅಷ್ಟಕ್ಕಷ್ಟೆ.

ಮನೆಯವರ ಪಟ್ಟಿ ಬಿಚ್ಚಿದ ಮೇಲೆ ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ ಸರ್. ಪೆನ್ನು ನಿಮ್ಮದೇ ತನ್ನಿ. ಬಸ್ಸಲ್ಲೇ ಹೋಗೋಣ, ಸ್ಕೂಟರ್ ಬೇಡ.

— ಸಂ.