ಒಂಟಿ ಕಾಯಿಗೆ ಎಷ್ಟು ಹೆದರಬೇಕು?

ಪ್ರಶ್ನೆ: ಒಂದು ವರ್ಷದಿಂದ, ದಾಳ ಉರುಳಿಸಿ ಕಾಯಿಗಳನ್ನು ನಡೆಸಿ ಹಲಗೆಯಿಂದ ಹೊರತೆಗೆಯುವ ಆಟವಾದ ಬ್ಯಾಕ್‌ಗ್ಯಾಮನ್ ಆಡುತ್ತಿದ್ದೇನೆ. ಯಾವ ಮನೆಯಲ್ಲಿಯೂ ಕಾಯಿಯನ್ನು ಒಂಟಿಯಾಗಿ ಬಿಡದಂತೆ ಜಾಗರೂಕತೆಯಿಂದ ಆಡಿದರೂ, ಆಟದ ನಡುವೆ ನನ್ನ ಹಿಂದಿನ ಎರಡು ಕಾಯಿಗಳು ಸಿಕ್ಕಿಹಾಕಿಕೊಂಡು ಸೋಲುತ್ತೇನೆ. ತಪ್ಪು ಎಲ್ಲಿದೆ? ಎದುರಾಳಿ ಪಣವನ್ನು ದುಪ್ಪಟ್ಟು ಮಾಡಿದಾಗ ಒಪ್ಪಬೇಕೇ, ಆಟ ಬಿಟ್ಟುಕೊಡಬೇಕೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ: ಜಾಗರೂಕತೆ ತಪ್ಪಲ್ಲ, ಅದನ್ನು ಆಟದ ಎಲ್ಲ ಹಂತಗಳಲ್ಲಿಯೂ ಒಂದೇ ಅಳತೆಯಲ್ಲಿ ಪಾಲಿಸುತ್ತಿರುವುದು ತಪ್ಪು. ಆರಂಭದಲ್ಲಿ ಎದುರಾಳಿಯ ಒಳಾಂಗಣದ (ಅವನ ಕಾಯಿಗಳು ಕೊನೆಗೆ ಸೇರುವ ಭಾಗದ) ಆರು ಮನೆಗಳಲ್ಲಿ ಒಂದು ಮಾತ್ರ ಅವನ ಎರಡು ಅಥವಾ ಹೆಚ್ಚು ಕಾಯಿಗಳಿಂದ ಮುಚ್ಚಿರುತ್ತದೆ. ಆಗ ಹೊಡೆತ ತಿಂದ, ಅಂದರೆ ಒಂಟಿಯಾಗಿದ್ದಾಗ ಎದುರಾಳಿಯ ಕಾಯಿ ಬಂದು ಹಲಗೆಯಿಂದ ಹೊರಹಾಕಿದ ನಿಮ್ಮ ಕಾಯಿ ಆ ಒಳಾಂಗಣಕ್ಕೆ ಮರಳಿ ಒಳಬರಲಾಗದೆ ಉಳಿಯುವುದು, ಎರಡು ದಾಳಗಳಿಂದ ಬೀಳಬಹುದಾದ 36 ಗರಗಳ ಪೈಕಿ ಜೋಡಿ ಆರು ಬಿದ್ದಾಗ ಮಾತ್ರ. ನಾಲ್ಕು ಮನೆಗಳು ಮುಚ್ಚಿದ್ದರೆ ಅಂಥ ಗರಗಳು 16 ಆಗುತ್ತವೆ, ಐದು ಮುಚ್ಚಿದ್ದರೆ 25. ಧೈರ್ಯ ತೋರಬೇಕಾದ ಕಾಲ ಮೊದಲ ಕೆಲವು ಸರದಿಗಳೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಒಂಟಿ ಕಾಯಿಯನ್ನು ಬಿಡಲೇಬಾರದೆಂದು ಹೊರಟವರು (ತಮ್ಮ ಒಳಾಂಗಣದ ತುದಿಯಿಂದ ಎಣಿಸಿದರೆ) ಆರು, ಎಂಟು ಮತ್ತು ಹದಿಮೂರನೆಯ ಮನೆಗಳಲ್ಲಿಯೇ ಕಾಯಿಗಳನ್ನು ರಾಶಿ ಹಾಕುತ್ತಾರೆ. ಅಷ್ಟರಲ್ಲಿ ಎದುರಾಳಿ ಸಾಲಾಗಿ ಮನೆ ಕಟ್ಟಿಕೊಂಡು ಗೋಡೆ ಎಬ್ಬಿಸಿರುತ್ತಾನೆ. ಒಂದು ದಾಳದಲ್ಲಿ ಆರಕ್ಕಿಂತ ಹೆಚ್ಚು ಬೀಳುವುದಿಲ್ಲವಾದ್ದರಿಂದ, ಸತತ ಆರು ಮನೆಗಳ ಗೋಡೆಯನ್ನು ಯಾವ ಗರದಿಂದಲೂ ದಾಟಲಾಗದು. ಆ ಗೋಡೆ ಪೂರ್ಣವಾಗುವ ಮೊದಲೇ ಹಿಂದಿನ ಕಾಯಿಗಳನ್ನು ಕದಲಿಸಬೇಕು, ಜೊತೆಗೆ ನಿಮ್ಮದೇ ಗೋಡೆಯನ್ನೂ ಕಟ್ಟಲು ತೊಡಗಬೇಕು. ಮೊದಲ ಗರವೇ ಮೂರು-ಒಂದು ಆದರೆ ಎಂಟರಿಂದ ಒಂದು ಕಾಯಿ, ಆರರಿಂದ ಒಂದು ಕಾಯಿ ತಂದು ಐದನೆಯ ಮನೆಯನ್ನು ಕಟ್ಟಿ. ಆರಂಭದಲ್ಲಿ ಇದಕ್ಕಿಂತ ಬೆಲೆಯುಳ್ಳ ಮನೆ ಇಲ್ಲವೆಂದೇ ನಾನು ನಂಬಿದ್ದೇನೆ. ನಾಲ್ಕು-ಎರಡು ಬಿದ್ದರೆ ಹೀಗೆಯೇ ನಾಲ್ಕನೆಯ ಮನೆ, ಆರು-ಒಂದು ಬಿದ್ದರೆ ಏಳನೆಯ ಮನೆ ನಿಮ್ಮದಾಗುತ್ತದೆ.

ಒಂಟಿ ಕಾಯಿಯನ್ನು ಎಲ್ಲಿ ಬಿಡಬೇಕೆಂಬುದಕ್ಕೂ ಲೆಕ್ಕವಿದೆ. ನಡುವೆ ತಡೆಯಿಲ್ಲದಿದ್ದಾಗ, ಎದುರಾಳಿಯ ಕಾಯಿಯಿಂದ ಆರು ಹೆಜ್ಜೆ ದೂರದಲ್ಲಿರುವ ಕಾಯಿಯನ್ನು 17 ಗರಗಳು ಹೊಡೆಯಬಲ್ಲವು. ಒಂದೇ ಹೆಜ್ಜೆ ದೂರದಲ್ಲಿದ್ದರೆ 11, ಏಳು ಹೆಜ್ಜೆಯಾದರೆ 6 ಮಾತ್ರ. ಹಾಗಾಗಿ ಸಾಧ್ಯವಿದ್ದರೆ ಆರರಾಚೆ ನಿಲ್ಲಿಸಿ, ಇಲ್ಲವೇ ಆದಷ್ಟು ಹತ್ತಿರ ನಿಲ್ಲಿಸಿ. ಕಳೆದುಕೊಳ್ಳುವ ದಾರಿಯನ್ನೂ ಎಣಿಸಬೇಕು: ನಿಮ್ಮ ಐದನೆಯ ಮನೆಯಲ್ಲಿ ಹೊಡೆತ ತಿಂದರೆ 20 ಹೆಜ್ಜೆ ನಷ್ಟ, ಇಪ್ಪತ್ತನೆಯ ಮನೆಯಲ್ಲಾದರೆ ಐದೇ ಹೆಜ್ಜೆ.

ಇನ್ನು ದುಪ್ಪಟ್ಟಿನ ಮಾತು. ಒಂದೇ ಬಗೆಯ ನಾಲ್ಕು ಆಟಗಳನ್ನು ಬಿಟ್ಟುಕೊಟ್ಟರೆ ನಾಲ್ಕು ಅಂಕ ಹೋಗುತ್ತವೆ. ಅವನ್ನೇ ಒಪ್ಪಿ ಆಡಿ, ಮೂರರಲ್ಲಿ ಸೋತು ಒಂದರಲ್ಲಿ ಗೆದ್ದರೆ ಆರು ಹೋಗಿ ಎರಡು ಬರುತ್ತವೆ, ಅಂದರೆ ನಷ್ಟ ಆಗಲೂ ನಾಲ್ಕೇ. ಆದ್ದರಿಂದ ನಾಲ್ಕರಲ್ಲಿ ಒಂದು ಆಟವನ್ನಾದರೂ ಗೆಲ್ಲಬಲ್ಲೆನೆಂಬ ಸ್ಥಿತಿಯಿದ್ದರೆ ಒಪ್ಪಿಕೊಳ್ಳಿ. ಆದರೆ ಒಂದು ಕಾಯಿಯನ್ನೂ ಹೊರತೆಗೆಯಲಾಗದೆ ಸೋಲುವ ಭಯವಿದ್ದರೆ ಆ ಸೋಲಿಗೆ ಎರಡರಷ್ಟು ತೆರಬೇಕಾಗುವುದರಿಂದ, ನಿಮ್ಮ ಗೆಲುವಿನ ಸಾಧ್ಯತೆ ಅದಕ್ಕಿಂತ ಹೆಚ್ಚಿರಬೇಕು.