‘ರೆಕ್ ಹ್ಯಾವಕ್’ ಅಲ್ಲ, ‘ರೀಕ್ ಹ್ಯಾವಕ್’

ಪ್ರಶ್ನೆ: ಸರ್, ಮೊನ್ನೆ ಆಫೀಸ್ ಮೇಲ್‌ನಲ್ಲಿ ಮಳೆಯಿಂದ ಗೋಡೌನ್ ಹಾಳಾಗಿದ್ದಕ್ಕೆ ‘ರೆಕ್ ಹ್ಯಾವಕ್’ ಅಂತ ಬರೆದೆ, ಮ್ಯಾನೇಜರ್ ಸ್ಪೆಲಿಂಗ್ ತಪ್ಪು ಅಂದ್ರು. ರೆಕ್ ಅಂದ್ರೂ ಹಾಳು ಮಾಡೋದೇ ಅಲ್ವಾ?

ಉತ್ತರ: ನಿಮ್ಮ ಮ್ಯಾನೇಜರ್ ಹೇಳಿದ್ದು ಸರಿ, ಆದ್ರೆ ಬೇಜಾರಾಗ್ಬೇಡಿ, ಇಂಗ್ಲಿಷ್ ಮಾತೃಭಾಷೆ ಆಗಿರೋರೂ ಇದೇ ತಪ್ಪು ಮಾಡ್ತಾರೆ. ಇಲ್ಲಿ ಬೇಕಿರೋ ಪದ ಡಬ್ಲ್ಯೂ-ಆರ್-ಇ-ಎ-ಕೆ, ಹೇಳೋದು ‘ರೀಕ್’ ಅಂತ, ‘ರೈಟ್’ (ಬರೆಯೋದು), ‘ರಾಂಗ್’ (ತಪ್ಪು) ಪದಗಳಲ್ಲಿ ಹೇಗೆ ಡಬ್ಲ್ಯೂ ಬಾಯಿಗೆ ಬರಲ್ವೋ ಇಲ್ಲೂ ಹಾಗೇನೇ. ಹಳೇ ಇಂಗ್ಲಿಷ್‌ನಲ್ಲಿ ಇದಕ್ಕೆ ಸೇಡು ತೀರಿಸ್ಕೊಳ್ಳೋದು ಅನ್ನೋ ಅರ್ಥ ಇತ್ತು, ಈಗ್ಲೂ ‘ರೀಕ್ ವೆಂಜೆನ್ಸ್’ ಅಂತಾರಲ್ಲ, ಅದೇ. ‘ರೆಕ್’ ಅಂದ್ರೆ ಒಂದು ವಸ್ತುವನ್ನ ಪುಡಿಪುಡಿ ಮಾಡೋದು. ‘ಹ್ಯಾವಕ್’ ಅಂದ್ರೆ ಹಾವಳಿ, ಹಾವಳಿನ ಯಾರೂ ಪುಡಿ ಮಾಡಲ್ಲ, ಹಾವಳಿ ಎಬ್ಬಿಸ್ತಾರೆ, ಅದಕ್ಕೇ ರೆಕ್ ಇಲ್ಲಿ ಕೂರಲ್ಲ.

‘ಹ್ಯಾವಕ್’ ಕಥೆ ಅಂತೂ ನಂಗೆ ತುಂಬಾ ಇಷ್ಟ. ಮಧ್ಯಯುಗದ ಯುದ್ಧಗಳಲ್ಲಿ ‘ಹ್ಯಾವಕ್!’ ಅಂತ ಕೂಗಿದ್ರೆ ಸೈನಿಕರಿಗೆ ಇನ್ನು ಲೂಟಿ ಹೊಡೀರಿ ಅಂತ ಸಿಗ್ನಲ್, ಗೆಲ್ಲೋಕೆ ಮುಂಚೇನೇ ಯಾರಾದ್ರೂ ಕೂಗ್ಬಿಟ್ರೆ ಸೈನ್ಯ ಎಲ್ಲಾ ಚೆಲ್ಲಾಪಿಲ್ಲಿ, ಅದಕ್ಕೆ 1385ರಲ್ಲಿ ಇಂಗ್ಲೆಂಡಿನ ರಾಜ ಎರಡನೇ ರಿಚರ್ಡ್ ತನ್ನ ಯುದ್ಧ ನಿಯಮಗಳಲ್ಲಿ ಹಾಗೆ ಕೂಗಿದವನ ತಲೆ ತೆಗೀಬೇಕು ಅಂತಲೇ ಬರೆಸಿದ್ದ.

ಆ ಲೂಟಿಯ ನೆನಪು ಪದದಲ್ಲಿ ಇನ್ನೂ ಇದೆ, ಹಾಗಾಗಿ ಸಣ್ಣಪುಟ್ಟ ನಷ್ಟಕ್ಕೆ ಇದನ್ನ ಹಾಕ್ಬೇಡಿ. ಒಂದು ಲೋಟ ಒಡೆದ್ರೆ ಹ್ಯಾವಕ್ ಅಲ್ಲ. ಸಕಲೇಶಪುರದ ಕಡೆ ರಾತ್ರೋರಾತ್ರಿ ಆನೆ ಹಿಂಡು ನುಗ್ಗಿ ಬಾಳೆ, ಕಾಫಿ ಗಿಡ ಎಲ್ಲಾ ತುಳಿದು ಹೋಗುತ್ತಲ್ಲ, ಪೇಪರ್‌ನೋರು ‘ಕಾಡಾನೆ ಹಾವಳಿ’ ಅಂತ ಹಾಕ್ತಾರಲ್ಲ, ಅದು ಹ್ಯಾವಕ್. ‘ಮಳೆ ಅವಾಂತರ’ ಅನ್ನೋ ಹೆಡ್ಡಿಂಗಿಗೂ ಇದೇ ಸರಿಯಾದ ಇಂಗ್ಲಿಷ್.

ಹಿಂದೆ ‘ಎ’ ಸೇರಿಸ್ಬೇಡಿ, ‘ಎ ಹ್ಯಾವಕ್’ ಅನ್ನೋದಿಲ್ಲ. ಯಾವುದರ ಮೇಲೆ ಅಂತ ಹೇಳೋಕೆ ‘ಆನ್’ ಸಾಕು. ಭೂತಕಾಲಕ್ಕೆ ‘ರೀಕ್ಡ್’ ಬರೀರಿ. ‘ರಾಟ್ ಹ್ಯಾವಕ್’ ಅಂತಾನೂ ಅಲ್ಲಲ್ಲಿ ಕಾಣುತ್ತೆ, ಅದು ಮೂಲದಲ್ಲಿ ‘ವರ್ಕ್’ ಕ್ರಿಯಾಪದದ ಹಳೇ ರೂಪ, ಬಳಕೆಯಲ್ಲಿ ಈಗ್ಲೂ ಉಳ್ಕೊಂಡಿದೆ, ಆದ್ರೂ ಎಕ್ಸಾಮ್‌ನಲ್ಲಿ ರೀಕ್ಡ್ ಸೇಫು. ನಿಮ್ಮ ಮೇಲ್‌ಗೆ ‘ದ ರೇನ್ ರೀಕ್ಡ್ ಹ್ಯಾವಕ್ ಆನ್ ಅವರ್ ಗೋಡೌನ್’ ಅಂತ ಬರೆದ್ರೆ ಆಯ್ತು.